ಪಾರ್ಶ್ವವಾಯು: ಮೊದಲ ದಿನಗಳ ಪುನಶ್ಚೇತನ

ಪಾರ್ಶ್ವವಾಯುವಿಗೆ ಗುರಿಯಾದವರನ್ನು ಆಸ್ಪತ್ರೆಗೆ ತಂದು, ಮಿದುಳಿನ ಸ್ಕ್ಯಾನ್ ಮುಗಿದು, ವೇಳೆ ಮೀರದೆ ಬಂದಿದ್ದ ಪಕ್ಷದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದೂ ನಡೆದು, ಪ್ರಾಣಕ್ಕೆ ಸದ್ಯಕ್ಕೆ ಭಯವಿಲ್ಲವೆಂಬ ಮಾತು ವೈದ್ಯರ ಬಾಯಿಂದ ಬಂದ ಮೇಲೆ, ಮನೆಯವರ ಮನಸ್ಸಿನಲ್ಲಿ ಮೂಡುವ ಮೊದಲ ಪ್ರಶ್ನೆ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದು ಯಾವಾಗ ಎಂಬುದು. ಈ ಪ್ರಶ್ನೆಗೆ ಒಂದೇ ವಾರ್ಡಿನಲ್ಲಿ ಎರಡು ಉತ್ತರಗಳು ದೊರೆಯುವುದುಂಟು. ಕೈಕಾಲು ಆಡದವರನ್ನು ಅಲುಗಿಸಬೇಡಿ, ಹದಿನೈದು ದಿನ ಪೂರ್ಣ ವಿಶ್ರಾಂತಿ ಬೇಕು ಎನ್ನುವವರು ಒಬ್ಬರು. ನಾಳೆಯಿಂದಲೇ ಹಿಡಿದು ನಡೆಸಿ, ಇಲ್ಲವಾದರೆ ಕಾಲು ಶಾಶ್ವತವಾಗಿ ಬಿದ್ದುಹೋದೀತು ಎನ್ನುವವರು ಇನ್ನೊಬ್ಬರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಇಬ್ಬರಲ್ಲಿ ಯಾರೊಬ್ಬರನ್ನು ಪೂರ್ತಿಯಾಗಿ ನಂಬಿದರೂ ರೋಗಿಗೆ ಕೇಡುಂಟು. ಈ ವಿಷಯದಲ್ಲಿ ವೈದ್ಯಶಾಸ್ತ್ರವು ಇದುವರೆಗೆ ನಡೆದುಬಂದ ದಾರಿಯನ್ನು ಸಮಗ್ರವಾಗಿ ಅವಲೋಕಿಸಿದಾಗ, ಎಷ್ಟು ಬೇಗ ಎಂಬುದಕ್ಕಿಂತಲೂ ಎಷ್ಟೆಷ್ಟು, ದಿನಕ್ಕೆ ಎಷ್ಟು ಸಲ, ಯಾರ ಕೈಯಿಂದ ಎಂಬ ಪ್ರಶ್ನೆಗಳೇ ಗುರುತರವಾದುವೆಂದು ನನಗೆ ತೋರುತ್ತದೆ.

ರೋಗಿ ಎಂದ ಮೇಲೆ ಮಲಗಿರತಕ್ಕವನು ಎಂಬ ಭಾವನೆಗೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವೈದ್ಯರು ಶಾಸ್ತ್ರದ ಬಲವನ್ನು ಕೊಟ್ಟರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ವಿಶ್ರಾಂತಿಯ ಗುಣವನ್ನು ಕುರಿತು 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ಹಲವು ತಲೆಮಾರುಗಳ ವೈದ್ಯರಿಗೆ ಪ್ರಮಾಣವಾಗಿದ್ದುವು. ಮುರಿದ ಮೂಳೆಗೂ ಊದಿದ ಕೀಲಿಗೂ ಹಿತವಾದ ವಿಶ್ರಾಂತಿಯು ಮಿದುಳಿನ ಆಘಾತಕ್ಕೂ ಹಿತವೇ ಆಗಿರಬೇಕೆಂದು ಭಾವಿಸಿದುದರ ಫಲವಾಗಿ, ಅರ್ಧಾಂಗದಲ್ಲಿ ಸ್ವಾಧೀನ ತಪ್ಪಿದವರು ವಾರಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಮಂಚಕ್ಕೆ ಅಂಟಿಕೊಂಡೇ ಉಳಿದರು. ಇದನ್ನು ಮೊದಲಿಗೆ ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಅಗ್ರಗಣ್ಯಳಾದವಳು ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ನಿರ್ಗತಿಕರ ಆಶ್ರಯಧಾಮದ ರುಗ್ಣಾಲಯವು ಸೇರಿದಾಗ, ಅಲ್ಲಿದ್ದ 714 ಮಂದಿ ದೀರ್ಘರೋಗಿಗಳ ಹೊಣೆ ಈ ವೈದ್ಯೆಯ ಮೇಲೆ ಬಿದ್ದಿತು. ಅವರಲ್ಲಿ ಅರ್ಧಾಂಗವಾಯುವಿನವರು ಅನೇಕರಿದ್ದರು. ಒಬ್ಬೊಬ್ಬರನ್ನೂ ಪರೀಕ್ಷಿಸಿ, ಕೂರಿಸಿ, ನಿಲ್ಲಿಸಿ, ಅಭ್ಯಾಸ ಮಾಡಿಸಿ, ಇವರಿಗೆ ಇನ್ನು ಮಂಚವೇ ಗತಿಯೆಂದು ಎಲ್ಲರೂ ಕೈಬಿಟ್ಟಿದ್ದವರಲ್ಲಿ ಎಷ್ಟೋ ಮಂದಿಯನ್ನು ಆಕೆ ಮನೆಗೆ ಕಳುಹಿಸಿದಳು. 1947ರಲ್ಲಿ ರಿಚರ್ಡ್ ಆಷರ್ ಎಂಬ ವೈದ್ಯನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಅಂಗಾಂಗವಾರು ಎಣಿಸಿ ಬರೆದ ಲೇಖನವು ಇದೇ ಮಾತನ್ನು ವೈದ್ಯಲೋಕದ ಕಿವಿಗೆ ಮುಟ್ಟಿಸಿತು.

ಆ ಅಪಾಯಗಳು ಇಂದಿಗೂ ನಮ್ಮ ವಾರ್ಡುಗಳಲ್ಲಿ ಕಾಣುವಂಥವೇ. ಅಲುಗದೆ ಮಲಗಿದವನ ಸ್ನಾಯುಗಳು ದಿನದಿನಕ್ಕೆ ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ಶ್ವಾಸಕೋಶದ ತಳಭಾಗಕ್ಕೆ ಗಾಳಿ ಸರಿಯಾಗಿ ಸೇರದೆ ಕಫ ನಿಲ್ಲುತ್ತದೆ, ಸೊಂಟದ ಹಿಂಭಾಗದಲ್ಲಿಯೂ ಹಿಮ್ಮಡಿಯಲ್ಲಿಯೂ ಚರ್ಮ ಕೆಂಪೇರಿ ಹಾಸಿಗೆ ಹುಣ್ಣಾಗುತ್ತದೆ, ಸ್ವಾಧೀನ ತಪ್ಪಿದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಮರಣವೂ ಸಂಭವಿಸುತ್ತದೆ. ಈ ಕೊನೆಯದನ್ನು ತಡೆಯಲು ಬಹುಕಾಲ ತೊಡಿಸುತ್ತಿದ್ದ ಬಿಗಿ ಕಾಲುಚೀಲಗಳಿಂದ ಪಾರ್ಶ್ವವಾಯು ರೋಗಿಗಳಿಗೆ ಪ್ರಯೋಜನವಿಲ್ಲವೆಂದು 2009ರಲ್ಲಿ ಗೊತ್ತಾಯಿತು. ಕಾಲನ್ನು ಆಗಾಗ್ಗೆ ಗಾಳಿಯಿಂದ ಒತ್ತಿ ಬಿಡುವ ಪಟ್ಟಿಗಳಿಂದ ಮಾತ್ರ ಹೆಪ್ಪಿನ ಪ್ರಮಾಣವು ನೂರಕ್ಕೆ 12ರಿಂದ ಎಂಟೂವರೆಗೆ ಇಳಿಯಿತೆಂದು 2013ರಲ್ಲಿ ಪ್ರಕಟವಾದ, 2876 ರೋಗಿಗಳನ್ನೊಳಗೊಂಡ ಪರೀಕ್ಷೆಯು ತೋರಿಸಿತು.

ಕೆಡುಕನ್ನು ತಪ್ಪಿಸುವುದು ಒಂದು ಕಾರಣವಾದರೆ, ಮಿದುಳಿನ ಸ್ವಭಾವವು ಎರಡನೆಯ ಕಾರಣ. ಮಿದುಳಿನ ಒಂದು ಭಾಗ ನಷ್ಟವಾದ ಮೇಲೆ ಅದರ ನೆರೆಯ ಭಾಗಗಳು ತಮ್ಮ ಸಂಬಂಧಗಳನ್ನು ಹೊಸದಾಗಿ ಹೆಣೆದುಕೊಳ್ಳಬಲ್ಲುವೆಂಬುದು ಈಗ ನಿರ್ವಿವಾದವಾದ ಸಂಗತಿ. ರ‍್ಯಾಂಡಲ್ ನೂಡೋ ಮತ್ತು ಸಂಗಡಿಗರು 1996ರಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಆಘಾತದ ನಂತರ ಕೈಗೆ ಅಭ್ಯಾಸ ಕೊಟ್ಟ ಪ್ರಾಣಿಗಳ ಮಿದುಳಿನಲ್ಲಿ ಕೈಯನ್ನಾಳುವ ಪ್ರದೇಶವು ಉಳಿದುಕೊಂಡಿತು, ಕೆಲವೆಡೆ ಹಬ್ಬಿಕೊಂಡಿತು. ಅಭ್ಯಾಸವಿಲ್ಲದವುಗಳಲ್ಲಿ ಅದು ಮತ್ತಷ್ಟು ಕುಗ್ಗಿತು. ಈ ಶಕ್ತಿಗೆ ಒಂದು ಋತುಮಾನವೂ ಇದೆ. ಕೆನಡಾದಲ್ಲಿ ಡೇಲ್ ಕಾರ್ಬೆಟ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಘಾತವಾಗಿ ಐದನೆಯ ದಿನ ಅಭ್ಯಾಸಕ್ಕೆ ತೊಡಗಿದ ಇಲಿಗಳು ಬಹಳವಾಗಿಯೂ, ಹದಿನಾಲ್ಕನೆಯ ದಿನ ತೊಡಗಿದುವು ಅದಕ್ಕಿಂತ ಕಡಿಮೆಯಾಗಿಯೂ ಸುಧಾರಿಸಿದುವು. ಮೂವತ್ತನೆಯ ದಿನ ತೊಡಗಿದವುಗಳಿಗೆ ದೊರೆತ ಲಾಭ ಅತ್ಯಲ್ಪ. ಮನುಷ್ಯರ ವಿಚಾರದಲ್ಲಿ ಕೋಪನ್‌ಹೇಗನ್ ನಗರದ ಸುಮಾರು 1200 ರೋಗಿಗಳನ್ನು ಅನುಸರಿಸಿ 1995ರಲ್ಲಿ ಹೊರಬಂದ ಅಧ್ಯಯನವು, ದಿನನಿತ್ಯದ ಕೆಲಸಗಳಲ್ಲಿ ತಾವು ಮುಟ್ಟಬಹುದಾದ ಮೇಲ್ಮಟ್ಟವನ್ನು ನೂರಕ್ಕೆ 95 ಮಂದಿ ಹದಿಮೂರು ವಾರಗಳೊಳಗೆ ಮುಟ್ಟಿಬಿಡುತ್ತಾರೆಂದು ಕಂಡುಕೊಂಡಿತು. ಆ ಮೇಲೆ ಸುಧಾರಣೆಯೇ ಇಲ್ಲವೆಂದು ಇದರ ಅರ್ಥವಲ್ಲ, ವರ್ಷದ ಮೇಲೆಯೂ ಕೈ ಚೇತರಿಸಿಕೊಂಡವರಿದ್ದಾರೆ. ಆದರೆ ಮೊದಲ ಮೂರು ತಿಂಗಳು ಅಮೂಲ್ಯವೆಂಬುದರಲ್ಲಿ ಸಂದೇಹವಿಲ್ಲ.

ಈ ತಿಳಿವಳಿಕೆಯನ್ನು ಒಂದು ವ್ಯವಸ್ಥೆಯಾಗಿ ಕಟ್ಟಿ ತೋರಿಸಿದ್ದು ನಾರ್ವೆ ದೇಶದ ಟ್ರಾಂಡ್‌ಹೈಮ್ ಪಟ್ಟಣದ ಆಸ್ಪತ್ರೆ. ಅಲ್ಲಿ ಬೆಂಟ್ ಇಂಡ್ರೆಡಾವಿಕ್ ಮತ್ತು ಸಹೋದ್ಯೋಗಿಗಳು 220 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಪಾರ್ಶ್ವವಾಯುವಿಗೆಂದೇ ಮೀಸಲಾದ ಘಟಕದಲ್ಲಿಯೂ ಇನ್ನೊಂದನ್ನು ಸಾಮಾನ್ಯ ವಾರ್ಡುಗಳಲ್ಲಿಯೂ ಇರಿಸಿದರು. ಆರು ವಾರ ಕಳೆಯುವ ಹೊತ್ತಿಗೆ ಘಟಕದವರಲ್ಲಿ ನೂರಕ್ಕೆ 56 ಮಂದಿ ತಮ್ಮ ತಮ್ಮ ಮನೆಗಳಲ್ಲಿದ್ದರು. ಸಾಮಾನ್ಯ ವಾರ್ಡಿನವರಲ್ಲಿ ಮನೆ ಸೇರಿದವರು ನೂರಕ್ಕೆ 33 ಮಾತ್ರ. 1991ರಲ್ಲಿ ಪ್ರಕಟವಾದ ಈ ಫಲಿತಾಂಶದ ವಿಶೇಷವೇನೆಂದರೆ, ಆ ಘಟಕದಲ್ಲಿ ಯಾವ ಅದ್ಭುತ ಔಷಧವೂ ಇರಲಿಲ್ಲ. ವೈದ್ಯ, ಶುಶ್ರೂಷಕಿ, ಫಿಜಿಯೋಥೆರಪಿಸ್ಟ್, ಮಾತು ಕಲಿಸುವವರು ಇವರೆಲ್ಲ ಒಂದೇ ತಂಡವಾಗಿ ಕೂಡಿ ಯೋಚಿಸುತ್ತಿದ್ದರು. ಜ್ವರ, ರಕ್ತದ ಸಕ್ಕರೆ, ಶರೀರದ ನೀರಿನಂಶ ಇವುಗಳ ಮೇಲೆ ಕಣ್ಣಿಟ್ಟಿದ್ದರು. ರೋಗಿಯನ್ನು ಸಾಧ್ಯವಾದಷ್ಟು ಬೇಗ ಹಾಸಿಗೆಯಿಂದ ಎಬ್ಬಿಸುತ್ತಿದ್ದರು. ತರುವಾಯ ನಾನಾ ದೇಶಗಳಲ್ಲಿ ನಡೆದ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಈ ಬಗೆಯ ಆರೈಕೆ ಪಡೆದ ಪ್ರತಿ ನೂರು ರೋಗಿಗಳಲ್ಲಿ ಇಬ್ಬರು ಹೆಚ್ಚಾಗಿ ಬದುಕುಳಿಯುತ್ತಾರೆಂದೂ, ಆರು ಮಂದಿ ಹೆಚ್ಚಾಗಿ ಪರಾವಲಂಬನೆಯಿಲ್ಲದೆ ಬಾಳುತ್ತಾರೆಂದೂ ತಿಳಿದುಬಂದಿತು. ಚುಚ್ಚುಮದ್ದು ಸಾಮಾನ್ಯವಾಗಿ ಸಲ್ಲುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ ಬಂದ ಕೆಲವರಿಗೆ ಮಾತ್ರ; ಈ ಆರೈಕೆಯಾದರೋ ವಯಸ್ಸು, ರೋಗದ ಉಗ್ರತೆಗಳ ಭೇದವಿಲ್ಲದೆ ಎಲ್ಲರಿಗೂ ಸಲ್ಲುತ್ತದೆ.

ಬೇಗ ಎಬ್ಬಿಸಿದ್ದರಿಂದ ಒಳ್ಳೆಯದಾಯಿತಾದರೆ, ಇನ್ನೂ ಬೇಗ, ಇನ್ನೂ ಹೆಚ್ಚಾಗಿ ಎಬ್ಬಿಸಿದರೆ ಇನ್ನೂ ಒಳ್ಳೆಯದಾಗಬೇಕಲ್ಲವೆ? ಈ ಸಹಜವಾದ ತರ್ಕವನ್ನು ಪರೀಕ್ಷೆಗೊಡ್ಡಿದವಳು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಜೂಲಿ ಬರ್ನ್‌ಹಾರ್ಟ್. ಅವರ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆಕೆಯ ಪರೀಕ್ಷೆಯಲ್ಲಿ ಐದು ದೇಶಗಳ 56 ಆಸ್ಪತ್ರೆಗಳಿಂದ 2104 ರೋಗಿಗಳು ಸೇರಿದ್ದರು. ಒಂದು ಪಾಲಿನವರನ್ನು ಆಘಾತವಾದ 24 ಗಂಟೆಗಳೊಳಗೆ ಎಬ್ಬಿಸತೊಡಗಿ, ದಿನಕ್ಕೆ ಆರೇಳು ಸಲ, ಒಟ್ಟಿನಲ್ಲಿ ಅರ್ಧ ಗಂಟೆಯಷ್ಟು ಕೂರಿಸುವುದು, ನಿಲ್ಲಿಸುವುದು, ನಡೆಸುವುದು ನಡೆಯಿತು. ಇನ್ನೊಂದು ಪಾಲಿನವರಿಗೆ ರೂಢಿಯ ಪ್ರಕಾರ ದಿನಕ್ಕೆ ಮೂರು ಸಲ, ಒಟ್ಟು ಹತ್ತು ನಿಮಿಷ. 2015ರಲ್ಲಿ ಫಲಿತಾಂಶ ಹೊರಬಿದ್ದಾಗ ವೈದ್ಯಲೋಕ ಬೆರಗಾಯಿತು. ಮೂರು ತಿಂಗಳ ಬಳಿಕ ಸ್ವತಂತ್ರರಾಗಿ ಬಾಳುತ್ತಿದ್ದವರು ತೀವ್ರಾಭ್ಯಾಸದ ಪಾಲಿನಲ್ಲಿ ನೂರಕ್ಕೆ 46; ರೂಢಿಯ ಪಾಲಿನಲ್ಲಿ 50. ತನ್ನ ಜೀವಮಾನದ ನಂಬಿಕೆಗೆ ವಿರುದ್ಧವಾಗಿ ಬಂದ ಈ ಉತ್ತರವನ್ನು ಮುಚ್ಚುಮರೆಯಿಲ್ಲದೆ ಲೋಕದ ಮುಂದಿಟ್ಟ ಆ ಸಂಶೋಧಕಿಯ ನಿಷ್ಠೆಗೆ ನಾವು ತಲೆಬಾಗಬೇಕು.

ಈ ಫಲಿತಾಂಶವನ್ನು ಅವಸರದಿಂದ ಓದಿದವರು ಹಳೆಯ ವಿಶ್ರಾಂತಿಯ ಮತವೇ ಗೆದ್ದಿತೆಂದು ತಿಳಿದರು. ಅದು ಸರಿಯಲ್ಲ. ರೂಢಿಯ ಪಾಲಿನವರನ್ನು ಕೂಡ ಸಾಧಾರಣವಾಗಿ 22 ಗಂಟೆಗಳ ಸುಮಾರಿಗೆ ಎಬ್ಬಿಸಲಾಗಿತ್ತು. ಇನ್ನೊಂದು ಪಾಲಿನಲ್ಲಿ ಅದು ಹದಿನೆಂಟೂವರೆ ಗಂಟೆ. ಅಂದರೆ ಇವರಲ್ಲಿ ಯಾರೂ ಹದಿನೈದು ದಿನ ಮಲಗಿದವರಲ್ಲ. ಎರಡು ಪಾಲುಗಳ ನಡುವಣ ಮುಖ್ಯ ವ್ಯತ್ಯಾಸವು ಅಭ್ಯಾಸದ ಮೊತ್ತದಲ್ಲಿತ್ತು. ಅದೇ ರೋಗಿಗಳ ವಿವರಗಳನ್ನು ಮರುವರ್ಷ ವಿಂಗಡಿಸಿ ನೋಡಿದಾಗ ಇನ್ನೊಂದು ಅಂಶ ಬೆಳಕಿಗೆ ಬಂದಿತು: ಒಟ್ಟು ಕಾಲವು ಅಷ್ಟೇ ಇದ್ದು ಎಬ್ಬಿಸುವ ಸಲಗಳು ಹೆಚ್ಚಿದಷ್ಟೂ ರೋಗಿಗೆ ಹಿತ; ಸಲಗಳು ಅಷ್ಟೇ ಇದ್ದು ಒಟ್ಟು ಕಾಲವು ಲಂಬಿಸಿದಷ್ಟೂ ಅಹಿತ. ಈ ವಿಂಗಡಣೆಗೆ ಮೂಲ ಪರೀಕ್ಷೆಯಷ್ಟು ಪ್ರಾಮಾಣ್ಯವಿಲ್ಲದಿದ್ದರೂ ವಾರ್ಡಿನಲ್ಲಿ ದುಡಿಯುವವರ ಅನುಭವಕ್ಕೆ ಅದು ಹೊಂದುತ್ತದೆ. ಆಘಾತಕ್ಕೊಳಗಾದ ಮಿದುಳು ತನ್ನ ರಕ್ತಪ್ರವಾಹವನ್ನು ತಾನೇ ಹದದಲ್ಲಿಟ್ಟುಕೊಳ್ಳುವ ಶಕ್ತಿಯನ್ನು ಕೆಲಕಾಲ ಕಳೆದುಕೊಂಡಿರುತ್ತದೆ. ಸತ್ತ ಭಾಗದ ಸುತ್ತ, ಸಾಯದೆಯೂ ಪೂರ್ತಿ ಬದುಕದೆಯೂ ಇರುವ ಒಂದು ವಲಯವು ಸ್ವಲ್ಪ ರಕ್ತದ ಆಧಾರದ ಮೇಲೆ ನಿಂತಿರುತ್ತದೆ. ಅಂಥ ಸಮಯದಲ್ಲಿ ರೋಗಿಯನ್ನು ಬಹಳ ಹೊತ್ತು ನೇರವಾಗಿ ನಿಲ್ಲಿಸಿ, ರಕ್ತದೊತ್ತಡ ಕುಸಿದರೆ, ಆ ವಲಯಕ್ಕೆ ಹಾನಿಯಾಗುವುದು ಅಸಂಭವವಲ್ಲ. ಪಾರ್ಶ್ವವಾಯು ರೋಗಿಯನ್ನು ಮೊದಲ ದಿನ ಚಪ್ಪಟೆಯಾಗಿ ಮಲಗಿಸಬೇಕೆ, ತಲೆಯೆತ್ತರಿಸಿ ಮಲಗಿಸಬೇಕೆ ಎಂಬ ವಿವಾದವೂ ಇದರಿಂದಲೇ ಹುಟ್ಟಿದ್ದು; ಭಾರತವೂ ಭಾಗಿಯಾಗಿದ್ದ, ಹನ್ನೊಂದು ಸಾವಿರ ರೋಗಿಗಳ ಒಂದು ಪರೀಕ್ಷೆಯಲ್ಲಿ ಎರಡು ಕ್ರಮಗಳಿಗೂ ಭೇದ ಕಾಣಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು.

ಕೈಯ ವಿಚಾರದಲ್ಲಿಯೂ ಇದೇ ಪಾಠ. ಒಳ್ಳೆಯ ಕೈಯನ್ನು ಕಟ್ಟಿಹಾಕಿ ಸ್ವಾಧೀನ ತಪ್ಪಿದ ಕೈಯಿಂದಲೇ ಕೆಲಸ ಮಾಡಿಸುವ ಕ್ರಮವು, ತಿಂಗಳುಗಳು ಕಳೆದ ರೋಗಿಗಳಿಗೆ ಲಾಭ ತಂದದ್ದು 2006ರ ದೊಡ್ಡ ಪರೀಕ್ಷೆಯೊಂದರಲ್ಲಿ ಸ್ಪಷ್ಟವಾಯಿತು. ಅದನ್ನೇ ಮೊದಲ ವಾರಗಳಲ್ಲಿ ಉಗ್ರವಾಗಿ ಮಾಡಿಸಿದವರ ಕೈ, ಮಿತವಾಗಿ ಮಾಡಿಸಿದವರ ಕೈಗಿಂತ ಕಡಿಮೆ ಸುಧಾರಿಸಿತೆಂದು ಅಮೆರಿಕದ ಅಲೆಕ್ಸಾಂಡರ್ ಡ್ರೊಮೆರಿಕ್ 2009ರಲ್ಲಿ ತೋರಿಸಿದನು. ಹನ್ನೆರಡು ವರ್ಷಗಳ ಬಳಿಕ ಅದೇ ಸಂಶೋಧಕನ ತಂಡವು 72 ರೋಗಿಗಳಲ್ಲಿ, ಇಪ್ಪತ್ತು ಗಂಟೆಗಳ ಅಧಿಕ ಅಭ್ಯಾಸವನ್ನು ಬೇರೆ ಬೇರೆ ಕಾಲದಲ್ಲಿ ಕೊಟ್ಟು ನೋಡಿತು. ಎರಡು ಮೂರು ತಿಂಗಳ ನಡುವೆ ಪಡೆದವರಿಗೆ ಅತ್ಯಧಿಕ ಫಲ, ಮೊದಲ ತಿಂಗಳಲ್ಲಿ ಪಡೆದವರಿಗೆ ಅದಕ್ಕಿಂತ ಕಡಿಮೆ, ಆರು ತಿಂಗಳ ಮೇಲೆ ಪಡೆದವರಿಗೆ ಗಣನೀಯವಾದುದೇನೂ ಇಲ್ಲ.

ಹಾಗಾದರೆ ಮೊದಲ ದಿನವೇ ಮಾಡತಕ್ಕದ್ದು ಏನು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲನೆಯದು ನುಂಗುವಿಕೆಯ ಪರೀಕ್ಷೆ, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಉಪೇಕ್ಷಿತವಾದುದೂ ಅದೇ. ಊರಿನಿಂದ ಬಂದ ಸೊಸೆ ತಣಿದ ರಾಗಿ ಗಂಜಿಯನ್ನೋ ಎಳನೀರನ್ನೋ ಚಮಚದಲ್ಲಿ ಹಿಡಿದು, ಅಂಗಾತ ಮಲಗಿರುವ ಮುದುಕರ ತುಟಿಗೆ ತಾಕಿಸಿ, “ಮಾವ, ಒಂದೇ ಗುಟುಕು, ಕುಡೀರಿ” ಎಂದು ಅಕ್ಕರೆಯಿಂದ ಹೊಯ್ಯುತ್ತಾಳೆ. ಅರ್ಧ ತುಟಿ ಜೋತಿರುವುದರಿಂದ ಸ್ವಲ್ಪ ಗಂಜಿ ಕೆನ್ನೆಯ ಮೇಲೆ ಇಳಿಯುತ್ತದೆ, ಸ್ವಲ್ಪ ಕೆನ್ನೆಯೊಳಗೇ ನಿಲ್ಲುತ್ತದೆ, ಸ್ವಲ್ಪ ಗಂಟಲಿಗೆ ಹೋಗುತ್ತದೆ. ಗಂಟಲಿಗೆ ಹೋದುದು ಅನ್ನನಾಳವನ್ನು ಸೇರಿತೋ ಶ್ವಾಸನಾಳವನ್ನು ಸೇರಿತೋ ಹೊರಗಿನವರಿಗೆ ತಿಳಿಯದು. ಏಕೆಂದರೆ ಗಂಟಲಿನ ಸ್ಪರ್ಶಜ್ಞಾನ ಕುಗ್ಗಿದವರಿಗೆ ಕೆಮ್ಮು ಕೂಡ ಬರುವುದಿಲ್ಲ. ಮೂರನೆಯ ದಿನ ಜ್ವರ, ಉಬ್ಬಸ, ಕೊನೆಗೆ ನ್ಯುಮೋನಿಯ. ರೋಗಿಯನ್ನು ನೆಟ್ಟಗೆ ಕೂರಿಸಿ, ಎಚ್ಚರವಿರುವನೇ ಎಂದು ನೋಡಿ, ಚಮಚದಷ್ಟು ನೀರನ್ನು ಕೊಟ್ಟು, ಕೆಮ್ಮು ಬರುವುದೇ, ದನಿ ತೇವಗೊಂಡಂತೆ ಗೊರಗೊರವಾಗುವುದೇ ಎಂದು ತರಬೇತಿಯುಳ್ಳ ಶುಶ್ರೂಷಕಿ ಕಾದು ನೋಡಿದರೆ ಈ ಅನಾಹುತದಲ್ಲಿ ಬಹುಪಾಲನ್ನು ತಡೆಯಬಹುದು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಕೆಲವು ದಿನ ಮೂಗಿನ ನಳಿಕೆಯ ಮೂಲಕ ಆಹಾರ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ 19 ಘಟಕಗಳಲ್ಲಿ, ಜ್ವರ, ಸಕ್ಕರೆ, ನುಂಗುವಿಕೆ ಎಂಬ ಮೂರನ್ನು ಮಾತ್ರ ಶುಶ್ರೂಷಕಿಯರು ಕ್ರಮವರಿತು ನೋಡಿಕೊಂಡುದರಿಂದ, ಮೂರು ತಿಂಗಳಲ್ಲಿ ಮರಣ ಅಥವಾ ಪರಾವಲಂಬನೆಗೆ ಈಡಾದವರ ಪ್ರಮಾಣವು ನೂರಕ್ಕೆ 58ರಿಂದ 42ಕ್ಕೆ ಇಳಿಯಿತೆಂದು 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಸಾರುತ್ತದೆ. ಇಷ್ಟು ಅಲ್ಪ ವೆಚ್ಚಕ್ಕೆ ಇಷ್ಟು ದೊಡ್ಡ ಫಲ ಕೊಡುವ ಬೇರೊಂದು ಕ್ರಮವನ್ನು ಈ ರೋಗದಲ್ಲಿ ನಾನು ಕಾಣೆ.

ಎರಡನೆಯದು ಭುಜದ ರಕ್ಷಣೆ. ತೋಳಿನ ಮೂಳೆಯ ಗುಂಡನೆಯ ತಲೆಯನ್ನು ಅದರ ಆಳವಿಲ್ಲದ ಕುಳಿಯಲ್ಲಿ ಹಿಡಿದಿಟ್ಟಿರುವುದು ಮುಖ್ಯವಾಗಿ ಸುತ್ತಣ ಸ್ನಾಯುಗಳ ಬಿಗಿ. ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ಆ ಬಿಗಿ ಹೋಗಿ, ಕೈಯ ಭಾರಕ್ಕೇ ಕೀಲು ಕೆಳಗೆ ಜಗ್ಗುತ್ತದೆ. ಅಂಥ ಕೈಯನ್ನು ಹಿಡಿದೆಳೆದು, ಅಥವಾ ಕಂಕುಳಿಗೆ ಕೈಹಾಕಿ ಮೇಲೆತ್ತಿ, ರೋಗಿಯನ್ನು ಕೂರಿಸುವುದು ನಮ್ಮ ವಾರ್ಡುಗಳಲ್ಲಿ ದಿನವೂ ಕಾಣುವ ದೃಶ್ಯ. ಇದರಿಂದ ಹುಟ್ಟುವ ಭುಜದ ನೋವು ತಿಂಗಳುಗಟ್ಟಲೆ ಕಾಡಿ, ಕೈಗೆ ಚಲನೆ ಮರಳುವ ಹೊತ್ತಿಗೆ ರೋಗಿಯು ಅದನ್ನು ಅಲುಗಿಸಲು ಅಂಜುವಂತೆ ಮಾಡುತ್ತದೆ. ಮಲಗಿದಾಗ ಆ ತೋಳಿನಡಿಗೆ ಒಂದು ದಿಂಬು, ಕುಳಿತಾಗ ಮುಂದೆ ಒಂದು ಮೇಜು, ಎಬ್ಬಿಸುವಾಗ ಬೆನ್ನ ಹಿಂದಿನಿಂದ ಹೆಗಲಮೂಳೆಯನ್ನು ಆತು ಹಿಡಿಯುವ ರೀತಿ, ಇವಿಷ್ಟನ್ನು ಮನೆಯವರಿಗೂ ಆಯಾಗಳಿಗೂ ಕಲಿಸಲು ಅರ್ಧ ಗಂಟೆ ಸಾಕು. ಮೃದುವಾದ ಚೆಂಡೊಂದನ್ನು ಕೈಗೆ ಕೊಟ್ಟು ದಿನವಿಡೀ ಹಿಸುಕಿಸುವ ರೂಢಿಯೂ ಬಳಕೆಯಲ್ಲಿದೆ. ಈ ರೋಗದಲ್ಲಿ ಬೆರಳು ಮಡಿಸುವುದಕ್ಕಿಂತ ಬಿಡಿಸುವುದೇ ಬಹುಮಂದಿಗೆ ಕಷ್ಟವಾದುದರಿಂದ, ಹಿಸುಕುವ ಅಭ್ಯಾಸವೊಂದೇ ಅವರ ಕೊರತೆಯನ್ನು ತುಂಬಲಾರದು.

ಮಾತು ನಿಂತವರ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲ ವಾರಗಳಲ್ಲಿಯೇ ಹೆಚ್ಚು ತೀವ್ರವಾದ ವಾಕ್ಚಿಕಿತ್ಸೆ ಕೊಟ್ಟರೆ ಹೆಚ್ಚು ಫಲವೇ ಎಂದು ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ 246 ಮಂದಿಯ ಮೇಲೆ ನಡೆದ ಪರೀಕ್ಷೆಯು, ರೂಢಿಯ ಚಿಕಿತ್ಸೆಗಿಂತ ಅದು ಮೇಲಲ್ಲವೆಂದು 2020ರಲ್ಲಿ ತಿಳಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಹಿರಿಯ ಸಂಸ್ಥೆಯನ್ನು ಪಡೆದ ನಾಡಿನಲ್ಲಿ, ಮಾತು ಕಳೆದುಕೊಂಡವರು ಬುದ್ಧಿಯನ್ನು ಕಳೆದುಕೊಂಡವರಲ್ಲವೆಂಬ ಮೊದಲ ಪಾಠವಾದರೂ ಎಲ್ಲ ವಾರ್ಡುಗಳಿಗೂ ಮುಟ್ಟಬೇಕು. ಹಾಗೆಯೇ, ರೋಗಿಗಳಲ್ಲಿ ಮೂರರಲ್ಲೊಂದು ಪಾಲನ್ನು ಬಾಧಿಸುವ ಖಿನ್ನತೆಯು, ಸೋಮಾರಿತನವೆಂದು ಬೈಸಿಕೊಳ್ಳದೆ, ಚಿಕಿತ್ಸೆಗೆ ತಕ್ಕ ರೋಗವೆಂದು ಗುರುತಿಸಲ್ಪಡಬೇಕು.

ಇನ್ನು ಈ ಎಲ್ಲವನ್ನೂ ಮಾಡುವವರು ಯಾರು? 2004ರಲ್ಲಿ ಮೆಲ್ಬರ್ನಿನ ಐದು ಘಟಕಗಳಲ್ಲಿ ಬರ್ನ್‌ಹಾರ್ಟ್ ಹಗಲೆಲ್ಲ ರೋಗಿಗಳನ್ನು ಗಮನಿಸಿ ಬರೆದಿಟ್ಟ ಲೆಕ್ಕವು ಕಣ್ತೆರೆಸುವಂಥದು: ಅವರು ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲಿದ್ದರು, ನೂರಕ್ಕೆ ಹದಿಮೂರು ಪಾಲು ಮಾತ್ರ ಉಪಯುಕ್ತವಾದ ಚಲನೆಯಲ್ಲಿದ್ದರು, ನೂರಕ್ಕೆ ಅರುವತ್ತು ಪಾಲು ಒಬ್ಬಂಟಿಯಾಗಿದ್ದರು. ನಮ್ಮಲ್ಲಿ ರೋಗಿ ಒಬ್ಬಂಟಿಯಾಗಿರುವುದು ಅಪೂರ್ವ. ಮಂಚದಡಿಯಲ್ಲಿ ಚಾಪೆ, ಪಕ್ಕದಲ್ಲಿ ಫ್ಲಾಸ್ಕು, ಕಿಟಕಿಗೆ ಒಣಹಾಕಿದ ಟವೆಲು, ಸರದಿಯಂತೆ ಕಾಯುವ ಹೆಂಡತಿ, ಮಗ, ತಮ್ಮ. ಈ ಸಂಪತ್ತನ್ನು ಬಳಸಿಕೊಳ್ಳಬೇಕೆಂಬ ಸದುದ್ದೇಶದಿಂದಲೇ ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ, ಲುಧಿಯಾನದ ಡಾ. ಜಯರಾಜ್ ಪಾಂಡ್ಯನ್ ಮೊದಲಾದವರ ನೇತೃತ್ವದಲ್ಲಿ, 1250 ರೋಗಿಗಳನ್ನೊಳಗೊಂಡ ಅಟೆಂಡ್ ಎಂಬ ಪರೀಕ್ಷೆ ನಡೆಯಿತು. ಮನೆಯ ಒಬ್ಬರಿಗೆ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟು, ಮನೆಗೆ ಹೋದ ಮೇಲೆ ಅವರಿಂದಲೇ ಅಭ್ಯಾಸ ಮಾಡಿಸಿದರೆ ರೋಗಿಯ ಗತಿ ಸುಧಾರಿಸುವುದೇ ಎಂಬುದು ಅದರ ಪ್ರಶ್ನೆ. 2017ರಲ್ಲಿ ಬಂದ ಉತ್ತರ ನಿರಾಶಾದಾಯಕವಾದುದು: ಆರು ತಿಂಗಳಲ್ಲಿ ಮರಣ ಅಥವಾ ಪರಾವಲಂಬನೆಗೆ ಈಡಾದವರು ಎರಡು ಪಾಲುಗಳಲ್ಲಿಯೂ ನೂರಕ್ಕೆ 47.

ಇದರಿಂದ ಮನೆಯವರ ಸೇವೆ ವ್ಯರ್ಥವೆಂದು ತೀರ್ಮಾನಿಸುವುದು ಅನ್ಯಾಯ. ಮಗ್ಗುಲು ಬದಲಿಸುವುದಕ್ಕೆ, ಹೊತ್ತುಹೊತ್ತಿಗೆ ಕೂರಿಸುವುದಕ್ಕೆ, ಹೆಸರು ಹಿಡಿದು ಮಾತನಾಡಿಸುವುದಕ್ಕೆ ಅವರಿಗಿಂತ ಉತ್ತಮರು ಯಾರೂ ಇಲ್ಲ. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ ಹೊತ್ತು ಎಂಬ ಕ್ರಮವು ಸಾಧ್ಯವಾಗುವುದೇ ಅವರಿಂದ. ಆದರೆ ಸ್ವಾಧೀನ ತಪ್ಪಿದ ದೇಹದಲ್ಲಿ ಯಾವ ಸ್ನಾಯು ಎಚ್ಚರಗೊಳ್ಳುತ್ತಿದೆ, ಯಾವ ಚಲನೆಯನ್ನು ಇಂದು ಕೇಳಬಹುದು, ಯಾವುದನ್ನು ಮುಂದಿನ ವಾರಕ್ಕೆ ಇರಿಸಬೇಕು ಎಂಬ ವಿವೇಚನೆಯು ವರ್ಷಗಳ ವ್ಯಾಸಂಗದಿಂದ ಬರತಕ್ಕದ್ದು; ಅದನ್ನು ಕೆಲವು ದಿನಗಳ ಪಾಠದಿಂದ ಹೆಂಡತಿಗೋ ಮಗನಿಗೋ ವರ್ಗಾಯಿಸಿ, ಸರ್ಕಾರವು ತನ್ನ ಹೊಣೆಯನ್ನು ಕಳೆದುಕೊಳ್ಳಲಾಗದು. ಕುಟುಂಬವೇ ಇದೆಯಲ್ಲ ಎಂಬ ನೆಪದಿಂದ ಫಿಜಿಯೋಥೆರಪಿಸ್ಟರ ಹುದ್ದೆಗಳನ್ನು ಖಾಲಿಬಿಡುವುದಕ್ಕೆ ಈ ಪರೀಕ್ಷೆಯ ನಂತರವಂತೂ ಯಾವ ಸಮರ್ಥನೆಯೂ ಉಳಿದಿಲ್ಲವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಕರ್ನಾಟಕದಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೂಡಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವು ನರರೋಗಗಳ ಚಿಕಿತ್ಸೆಯನ್ನು ಜಿಲ್ಲಾ ಆಸ್ಪತ್ರೆಗಳಿಗೆ ತರಹೊರಟಿರುವುದು ಸಂತೋಷದ ಸಂಗತಿ. ಅದರ ಫಲವು ಪಾರ್ಶ್ವವಾಯು ರೋಗಿಗೆ ಪೂರ್ಣವಾಗಿ ದಕ್ಕಬೇಕಾದರೆ ಮೊದಲ ದಿನದ ನುಂಗುವಿಕೆಯ ಪರೀಕ್ಷೆ ಕೇಸ್ ಷೀಟಿನಲ್ಲಿ ದಾಖಲಾಗಬೇಕು; ಹೊರರೋಗಿ ವಿಭಾಗದ ಕೋಣೆಯಲ್ಲಿ ಕುಳಿತ ಫಿಜಿಯೋಥೆರಪಿಸ್ಟರು ಬೆಳಗ್ಗೆಯೂ ಸಂಜೆಯೂ ವಾರ್ಡಿನ ಮಂಚದ ಬಳಿಗೆ ಬರುವಂತಾಗಬೇಕು, ಭಾನುವಾರವೂ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಅಭ್ಯಾಸ ಮುಂದುವರಿಸಿ ಎಂಬ ಎರಡೇ ಪದಗಳನ್ನು ಬರೆದು ಕಳುಹಿಸಿದ ರೋಗಿಯು, ವಾರದೊಳಗೆ ತನ್ನ ಹಳ್ಳಿಯ ಮನೆಯ ಜಗಲಿಯಲ್ಲಿರುತ್ತಾನೆ. ಕೈಗೆ ಅತ್ಯಧಿಕ ಫಲ ಕೊಡುವ ಎರಡನೆಯ, ಮೂರನೆಯ ತಿಂಗಳುಗಳು ಅವನಿಗೆ ಕಳೆಯುವುದು ಅಲ್ಲಿ. ಆ ದಿನಗಳಲ್ಲಿ ಅವನನ್ನು ವಾರಕ್ಕೆ ಎರಡು ಮೂರು ಸಲ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆತರಲು ಮನೆಯವರಿಗೆ ಬಾಡಿಗೆಯ ಹಣವೂ ಒಂದು ದಿನದ ಕೂಲಿಯೂ ಬೇಕು, ಹೋದಾಗ ಆ ಆಸ್ಪತ್ರೆಯಲ್ಲಿ ಒಬ್ಬ ಫಿಜಿಯೋಥೆರಪಿಸ್ಟರು ಇರಬೇಕು; ಇವೆರಡಕ್ಕೂ ಮೊದಲ ದಿನದ ಚುಚ್ಚುಮದ್ದಿಗೆ ಕೊಡುವಷ್ಟೇ ಗಮನವನ್ನು ಕೊಟ್ಟು ಆಯವ್ಯಯದಲ್ಲಿ ಹಣ ತೆಗೆದಿರಿಸುವುದು ಈಗ ನಡೆಯಬೇಕಾದ ಕೆಲಸ.